ಸೋಬಾನೆಯ ಸೀಮೆಯಲ್ಲಿ ಶೋಕದ ಹಾಡು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆ ತೋಟದ ಮನೆಗಳಲ್ಲಿ ಹಾಡಿಲ್ಲದ ಕಾರ್ಯವಿಲ್ಲ. ಹುಟ್ಟಿದ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹಾಡು, ಹುಡುಗನ ಉಪನಯನಕ್ಕೆ ಹಾಡು. ಮದುವೆಯೆಂದರಂತೂ ಹಾಡಿನ ಸುಗ್ಗಿಯೇ ಸರಿ. ಎಣ್ಣೆ ಅರಿಶಿನ ಹಚ್ಚುವುದಕ್ಕೊಂದು, ಹಸೆಗೆ ಕರೆಯುವುದಕ್ಕೊಂದು, ಆರತಿ ಎತ್ತುವುದಕ್ಕೊಂದು, ಬೀಗರನ್ನು ಜರೆಯುವುದಕ್ಕೊಂದು ಹಾಡು. ಗಂಡಸರ ಮಂತ್ರ ಚಪ್ಪರದಲ್ಲಿ ನಡೆದರೆ ಹೆಂಗಸರ ಮಂತ್ರ ಈ ಹಾಡುಗಳಲ್ಲಿ ನಡೆಯುತ್ತದೆ ಎಂದರೂ ತಪ್ಪಿಲ್ಲ. ಇಷ್ಟೆಲ್ಲ ಹಾಡುವ ಈ ಮನೆ ಒಂದೇ ಒಂದು ಸಂದರ್ಭದಲ್ಲಿ ಮೂಕವಾಗುತ್ತದೆ. ಅದು ಸಾವು. ಆಗ ಅಳುವುಂಟು, ಹಾಡಿಲ್ಲ. ಹನ್ನೆರಡು ಹದಿಮೂರು ದಿನ ಪುರೋಹಿತರ ದನಿಯಲ್ಲದೆ ಬೇರೆ ದನಿ ಆ ಅಂಗಳದಲ್ಲಿ ಏಳುವುದಿಲ್ಲ.

ಇದೇನು ವಿಶೇಷ, ಸತ್ತವರ ಮನೆಯಲ್ಲಿ ಹಾಡುವವರುಂಟೆ ಎಂದು ಓದುಗರು ಕೇಳಬಹುದು. ಉಂಟು. ಲೋಕದ ಎಷ್ಟೋ ಜನಾಂಗಗಳಲ್ಲಿ ಸಾವಿನ ಹಾಡೇ ಹಾಡುಗಳಲ್ಲೆಲ್ಲ ಹಿರಿಯದು. ನಮಗೆ ಬಲು ದೂರದ ಮಧ್ಯ ಏಷ್ಯದ ಕಿರ್ಗಿಜ್ ಜನರನ್ನೇ ನೋಡೋಣ. ಕುದುರೆ ಕುರಿಗಳನ್ನು ಮೇಯಿಸುತ್ತ ತಿಯೆನ್ ಶಾನ್ ಪರ್ವತಗಳ ಹುಲ್ಲುಗಾವಲುಗಳಲ್ಲಿ ಅಲೆದಾಡಿದ ಜನ ಅವರು. ಅವರಲ್ಲಿ ಶೋಕಗೀತೆಗೆ 'ಕೋಶೋಕ್' ಎಂದು ಹೆಸರು. ಮನೆಯ ಹಿರಿಯನು ತೀರಿಕೊಂಡರೆ ಗಂಡಸರು ಗುಡಾರದ ಹೊರಗೆ ನಿಂತು ಗಟ್ಟಿಯಾಗಿ ರೋದಿಸುತ್ತಾರೆ. ಬರುವ ನೆಂಟರೂ ದೂರದಿಂದಲೇ ಹಾಗೆ ಕೂಗಿಕೊಳ್ಳುತ್ತ ಕುದುರೆಯ ಮೇಲೆ ಬರುತ್ತಾರೆ. ಅದು ಗಂಡಸರ ಪಾಲು. ಹಾಡು ಮಾತ್ರ ಹೆಂಗಸರದು. ಹೆಂಡತಿ, ಮಗಳು, ಸೊಸೆ ಗುಡಾರದೊಳಗೆ ಗೋಡೆಯ ಕಡೆ ಮುಖಮಾಡಿ ಕುಳಿತು ಹಾಡುತ್ತಾರೆ. ಏಳೆಂಟು ಅಕ್ಷರಗಳ ಚಿಕ್ಕ ಚಿಕ್ಕ ಸಾಲುಗಳಲ್ಲಿ ಸತ್ತವನ ವಂಶ, ಅವನ ಔದಾರ್ಯ, ಅವನ ಕುದುರೆ, ಅವನಿಲ್ಲದೆ ಬರಿದಾದ ಮನೆ ಎಲ್ಲವೂ ಬರುತ್ತವೆ. ಹಿಂದಿನ ಪದ್ಧತಿಯಲ್ಲಿ ವಿಧವೆ ಕಪ್ಪು ಬಟ್ಟೆಯುಟ್ಟು ಒಂದು ವರ್ಷವಿಡೀ ಇದನ್ನು ಹಾಡಬೇಕು. ವರ್ಷ ತುಂಬಿದ ಮೇಲೆ 'ಆಶ್' ಎಂಬ ದೊಡ್ಡ ಔತಣ, ಕುದುರೆಯ ಪಂದ್ಯ ನಡೆದು ಶೋಕ ಮುಗಿಯುತ್ತದೆ. ಕಿರ್ಗಿಜರ ಮಹಾಕಾವ್ಯವಾದ 'ಮಾನಸ್' ಕೂಡ, ಅವರ ಒಂದು ಐತಿಹ್ಯದ ಪ್ರಕಾರ, ಆ ವೀರನು ಸತ್ತಾಗ ಅವನ ಸಂಗಡಿಗನಾದ ಹಾಡುಗಾರನೊಬ್ಬ ಕಟ್ಟಿದ ಶೋಕಗೀತೆಯಿಂದ ಬೆಳೆದು ಬಂದದ್ದು. ಆ ಮಹಾಕಾವ್ಯ ಸರಣಿಯನ್ನು ಯುನೆಸ್ಕೋ ಸಂಸ್ಥೆ ೨೦೧೩ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನೊಂದು ಸಂಗತಿ ನಮ್ಮ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು. ಕಿರ್ಗಿಜ್ ಭಾಷೆಯಲ್ಲಿ ಸಾವಿನ ಹಾಡಿಗೂ, ಮದುವೆಯಾದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಹಾಡುವ ಹಾಡಿಗೂ ಹೆಸರು ಒಂದೇ. ಅದೂ ಕೋಶೋಕ್, ಇದೂ ಕೋಶೋಕ್. ಇನ್ನು ಮರಳಿ ಈ ಮನೆಯವರಾಗಿ ಬಾರದವರನ್ನು ಬೀಳ್ಕೊಡುವ ಹಾಡು ಎಂಬುದೇ ಎರಡಕ್ಕೂ ಸಮಾನವಾದ ಅರ್ಥ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಕಡೆಗೆ ಬರೋಣ.

ಕನ್ನಡಿಗರಿಗೆ ಶೋಕವನ್ನು ಪದ್ಯವಾಗಿಸುವುದು ಗೊತ್ತಿರಲಿಲ್ಲವೆಂದಲ್ಲ. ಕನ್ನಡ ಪದ್ಯದ ಮೊದಲ ಕುರುಹುಗಳು ಕಾಣುವುದೇ ಸತ್ತವರ ನೆನಪಿನ ಕಲ್ಲುಗಳಲ್ಲಿ. ಚಿತ್ರದುರ್ಗದ ಬಳಿಯ ತಮಟಕಲ್ಲಿನ ಶಾಸನ ಗುಣಮಧುರನೆಂಬ ವೀರನ ಸ್ಮರಣೆಗೆ ಬರೆಸಿದ್ದು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಏಳನೆಯ ಶತಮಾನದ ನಂದಿಸೇನ ಮುನಿಯ ಶಾಸನ ರೂಪು ಸಂಪತ್ತುಗಳ ಅಸ್ಥಿರತೆಯನ್ನು ಹೇಳಿ ಆತನ ದೇಹತ್ಯಾಗವನ್ನು ವರ್ಣಿಸುತ್ತದೆ. ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನಲ್ಲಿ ೧೦೫೭ರ ಶಾಸನವೊಂದುಂಟು. ಗಂಡ ಏಚನು ಅರಸನ ಆಜ್ಞೆಯಿಂದ ಸತ್ತ ಸುದ್ದಿ ಕೇಳಿ, ತಾಯಿತಂದೆ ಬಂಧುಗಳು ಕಾಲು ಹಿಡಿದರೂ ಕೇಳದೆ ಬೆಂಕಿಯನ್ನು ಹೊಕ್ಕ ದೇಕಬ್ಬೆಯ ಕಥೆ ಅದರಲ್ಲಿದೆ. ಕಾವ್ಯಕ್ಕೆ ಬಂದರೆ ರನ್ನನ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ತಮ್ಮನನ್ನೂ ಕರ್ಣನನ್ನೂ ಕಂಡು ಅಳುವುದು, ರಾಘವಾಂಕನ ಚಂದ್ರಮತಿ ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಮಡಿಲಲ್ಲಿಟ್ಟುಕೊಂಡು ಅಳುವುದು, ಇವು ಓದಿದವರು ಮರೆಯುವಂಥವಲ್ಲ.

ಜನಪದದಲ್ಲಿಯೂ ಇದರ ಕೊರತೆಯಿಲ್ಲ. ಘಟ್ಟದ ಸೆರಗನ್ನು ದಾಟಿ ಧಾರವಾಡ, ಬೆಳಗಾವಿ, ವಿಜಯಪುರಗಳ ಬಯಲಿಗೆ ಹೋದರೆ ಹೆಂಗಸರು ಹೆಣದ ಸುತ್ತ ಕುಳಿತು 'ಹಾಡ್ಯಾಡಿಕೊಂಡು' ಅಳುವುದನ್ನು ಕೇಳಬಹುದು. ಸತ್ತವರನ್ನು ಹೆಸರು ಹಿಡಿದು, ನಂಟು ಹಿಡಿದು ಕರೆಯುವುದು, ಅವರ ಒಂದೊಂದು ಗುಣವನ್ನೂ ಎತ್ತಿ ಹೇಳುವುದು, ಬಿಟ್ಟುಹೋದದ್ದಕ್ಕೆ ಜಗಳವಾಡುವುದು. ಅದು ಮಾತೋ ಹಾಡೋ ಎಂದು ಬೇರ್ಪಡಿಸಲು ಬಾರದು. ಲಿಂಗಾಯತರ ಮನೆಯಾದರೆ ರಾತ್ರಿಯಿಡೀ ಭಜನೆ. ಅದೇ ಬಯಲಿನಲ್ಲಿ ಮೊಹರಂ ಬಂತೆಂದರೆ ಊರಿಗೆ ಊರೇ ಶೋಕವನ್ನು ಹಾಡುತ್ತದೆ. ಕ್ರಿಸ್ತಶಕ ೬೮೦ರಲ್ಲಿ ಕರ್ಬಲದ ಮರಳಿನಲ್ಲಿ ನೀರಿಲ್ಲದೆ ಬಳಲಿ ಮಡಿದ ಹುಸೇನರ ಕಥೆಯನ್ನು ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಕನ್ನಡದ ರಿವಾಯತ್ ಪದಗಳಲ್ಲಿ ಹಾಡಿಕೊಂಡು ಬಂದಿದ್ದಾರೆ. ಶಿಶುನಾಳ ಶರೀಫರೂ ಇಂಥ ಪದಗಳನ್ನು ಕಟ್ಟಿದರು. ಅರಬರ ನಾಡಿನ ಸಾವೊಂದು ಹೀಗೆ ಕನ್ನಡ ನಾಡಿನ ಹಳ್ಳಿಗಳ ಅಳುವಾಯಿತು.

ನಮ್ಮ ಯಲ್ಲಾಪುರ ಹಳಿಯಾಳಗಳ ಆಚೆ ಅನತಿ ದೂರದಲ್ಲಿರುವ ನಂದಗಡದಲ್ಲಿ ೧೮೩೧ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಮೇಲೆ ಜನ ಲಾವಣಿ ಕಟ್ಟಿದರು. ಮುಂಬಯಿ ಸರಕಾರದ ಅಧಿಕಾರಿಯೂ ಶಾಸನ ವಿದ್ವಾಂಸನೂ ಆದ ಫ್ಲೀಟನು ಅಂಥ ಕನ್ನಡ ಲಾವಣಿಗಳನ್ನು ಬರೆದುಕೊಂಡು ೧೮೮೫ರಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಮಾಡಿಸಿದನು. ಅದೇ ೧೮೮೫ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ರಾದ್ಲೋಫ್ ಎಂಬ ಪಂಡಿತನು ಕಿರ್ಗಿಜರ ಬಾಯಿಂದ ಕೇಳಿ ಬರೆದುಕೊಂಡಿದ್ದ ಮಾನಸ್ ಕಾವ್ಯದ ಭಾಗಗಳನ್ನು ಪ್ರಕಟಿಸಿದನೆಂಬುದು ಕುತೂಹಲದ ಕಾಕತಾಳೀಯ. ಎರಡು ಸಾಮ್ರಾಜ್ಯಗಳ ಇಬ್ಬರು ಪಂಡಿತರು ತಮ್ಮದಲ್ಲದ ಜನರ ಹಾಡನ್ನು ಒಂದೇ ಕಾಲದಲ್ಲಿ ಕಾಗದಕ್ಕಿಳಿಸಿದರು.

ಹೀಗಿರುವಾಗ ಘಟ್ಟದ ಮೇಲಿನ ನಮ್ಮ ಮೂರು ತಾಲೂಕುಗಳ ತೋಟಿಗರ ಮನೆಯಲ್ಲಿ ಸಾವಿಗೆ ಹಾಡೇಕಿಲ್ಲ?

ಮೊದಲನೆಯ ಕಾರಣ ಶಾಸ್ತ್ರ. ಬಂಧುಗಳು ಸುರಿಸುವ ಕಣ್ಣೀರನ್ನು ಪ್ರೇತವು ಬೇಡವೆಂದರೂ ಉಣ್ಣಬೇಕಾಗುತ್ತದೆ, ಆದ್ದರಿಂದ ಅಳದೆ ಕ್ರಿಯೆಗಳನ್ನು ಮಾಡಿರಿ ಎಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ರಘುವಂಶದ ಎಂಟನೆಯ ಸರ್ಗದಲ್ಲಿ ಇಂದುಮತಿಯನ್ನು ಕಳೆದುಕೊಂಡ ಅಜನಿಗೆ ವಸಿಷ್ಠರು ಹೇಳಿ ಕಳಿಸಿದ ಬುದ್ಧಿಯೂ ಇದೇ ಜಾಡಿನದು. ವಿನೋದವೇನೆಂದರೆ, ಅಳಬೇಡವೆಂಬ ಆ ಮಾತು ಬರುವುದು ಸಂಸ್ಕೃತದ ಅತ್ಯಂತ ಸೊಗಸಾದ ವಿಲಾಪವೊಂದರ ಬೆನ್ನಿಗೇ! ಕವಿ ಮೊದಲು ಹೊಟ್ಟೆ ತುಂಬ ಅಳಿಸಿ ಆಮೇಲೆ ಶಾಸ್ತ್ರ ಹೇಳಿಸುತ್ತಾನೆ. ನಮ್ಮ ಮನೆಗಳು ಶಾಸ್ತ್ರವನ್ನು ಮಾತ್ರ ಇಟ್ಟುಕೊಂಡವು. ಆದರೆ ಶಾಸ್ತ್ರವೊಂದೇ ಕಾರಣವೆಂದು ಹೇಳುವಂತಿಲ್ಲ. ಕಿರ್ಗಿಜರಲ್ಲಿಯೂ ಧರ್ಮಪಂಡಿತರು ಸತ್ತವರಿಗಾಗಿ ದನಿಯೆತ್ತಿ ಅಳುವುದನ್ನು ಒಪ್ಪುವುದಿಲ್ಲ. ಆದರೂ ಅಲ್ಲಿಯ ಹೆಂಗಸರು ಹಾಡುತ್ತಲೇ ಬಂದರು.

ಎರಡನೆಯ ಕಾರಣ ನೆಲದ ಗುಣ. ತೋಟದ ಸೀಮೆಯಲ್ಲಿ ಊರೆಂದರೆ ಒತ್ತಾದ ಕೇರಿಯಲ್ಲ. ಕಣಿವೆಗೊಂದು ಮನೆ, ಗುಡ್ಡದಾಚೆ ಇನ್ನೊಂದು. ಮಳೆಗಾಲದಲ್ಲಿ ಹಳ್ಳ ಏರಿತೆಂದರೆ ನೆರೆಮನೆಯೂ ಪರದೇಶ. ಸತ್ತವರನ್ನು ಸುಡುವುದು ತಮ್ಮದೇ ಬೆಟ್ಟದ ಒಂದು ಮೂಲೆಯಲ್ಲಿ. ಹಾಡಿ ಅಳುವುದಕ್ಕೆ ಕೇಳುವವರ ಒಂದು ಸುತ್ತು ಬೇಕು. ಒಬ್ಬಳು ಎತ್ತಿದ್ದನ್ನು ಹತ್ತು ಮಂದಿ ಹೊತ್ತುಕೊಳ್ಳಬೇಕು. ಬಯಲುಸೀಮೆಯ ಕೇರಿಗೆ ಆ ಸುತ್ತು ತಾನಾಗಿ ಕೂಡಿಬರುತ್ತದೆ. ತೋಟದ ಒಂಟಿಮನೆಗೆ ಅದು ಕೂಡುವುದು ಮದುವೆ ಮುಂಜಿಗಳಲ್ಲಿ ಮಾತ್ರ.

ಮೂರನೆಯ ಕಾರಣ ಎಲ್ಲಕ್ಕಿಂತ ಕಠೋರವಾದದ್ದು, ಹೇಳಲು ನಾಚಿಕೆ ತರುವಂಥದು. ಕೋಶೋಕ್ ಹಾಡುವವಳು ವಿಧವೆ. ಅವಳ ಶೋಕಕ್ಕೆ ಅಲ್ಲಿ ಸ್ಥಾನವಿದೆ, ಸಭೆಯಿದೆ, ಅವಧಿಯಿದೆ. ನಮ್ಮಲ್ಲಿ ವಿಧವೆಯ ಗತಿ ಏನಾಗಿತ್ತು? ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೂ ಅವಳ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಕತ್ತಲೆಯ ಕೋಣೆಗೆ ನೂಕುತ್ತಿದ್ದೆವು. ಶುಭಕಾರ್ಯದಲ್ಲಿ ಅವಳ ಮುಖ ಕಾಣಕೂಡದು. ಮುಖವೇ ಕಾಣಬಾರದವಳ ದನಿ ಕೇಳಬಹುದೆ? ಚಿಕ್ಕಂದಿನಿಂದ ನೂರು ಹಾಡು ಕಲಿತವಳು ಗಂಡ ಸತ್ತ ದಿನದಿಂದ ಮದುವೆಯ ಹಸೆಯ ಹತ್ತಿರ ಹಾಡಲೂ ಅನರ್ಹಳಾದಳು. ಸಾವಿಗೆ ಹಾಡಿಲ್ಲ, ಮದುವೆಯ ಹಾಡಿಗೆ ಅವಳಿಲ್ಲ. ಎರಡೂ ಕಡೆಯಿಂದ ಬಾಯಿ ಮುಚ್ಚಿತು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ೧೯೭೬ರಲ್ಲಿ ಹೊರಬಂದಾಗ ಮಲೆನಾಡಿನ ಓದುಗರು ಅದರಲ್ಲಿ ತಮ್ಮ ಮನೆಯ ಅಜ್ಜಿಯನ್ನೇ ಕಂಡರು. ಆ ಅಜ್ಜಿಯ ಮೌನವೇ ನಮ್ಮ ಶೋಕಗೀತೆಯ ಇತಿಹಾಸ.

ಆದರೆ ನೀರು ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆಯಲ್ಲವೆ? ಈ ಸೀಮೆಯ ಶೋಕವೂ ಹಾಗೆಯೇ ಮಾಡಿತು. ಅದು ಹರಿದ ಕಾಲುವೆಗಳನ್ನು ಹುಡುಕಿದರೆ ಮೂರು ಕಾಣುತ್ತವೆ.

ಮೊದಲನೆಯದು ಮದುವೆಯ ಹಾಡೇ. ಕಾರ್ಯವೆಲ್ಲ ಮುಗಿದು ಹೆಣ್ಣನ್ನು ಗಂಡಿನ ಕಡೆಯವರಿಗೆ ಒಪ್ಪಿಸಿಕೊಡುವ ಗಳಿಗೆಯಲ್ಲಿ ಹಾಡುವ ಹಾಡನ್ನು ಕೇಳಿದವರಿಗೆ ನಾವು ಹೇಳುವುದರ ಅರ್ಥ ತಿಳಿದೀತು. ಅದುವರೆಗೆ ಬೀಗರನ್ನು ಗೇಲಿಮಾಡಿ ನಗುತ್ತಿದ್ದ ಹೆಂಗಸರ ಕೊರಳು ಆಗ ಬದಲಾಗುತ್ತದೆ. ತಾಯಿಗೆ ಅಳು ಬರುತ್ತದೆ, ಹಾಡುವವರಿಗೂ ಬರುತ್ತದೆ; ಅದನ್ನು ಯಾರೂ ಅಶುಭವೆನ್ನುವುದಿಲ್ಲ. ಸಾಕಿದ ಕಷ್ಟ, ಮಗುವಿನ ಗುಣ, ಬರಿದಾಗುವ ಮನೆ ಎಲ್ಲವೂ ಅಲ್ಲಿ ಬರುತ್ತವೆ. ಸಾವಿನ ಹಾಡಿನಲ್ಲಿ ಇರಬೇಕಾದುದೂ ಇವೇ ಅಲ್ಲವೆ? ಕಿರ್ಗಿಜರು ಎರಡಕ್ಕೂ ಒಂದೇ ಹೆಸರಿಟ್ಟು ಬಾಯಿಬಿಟ್ಟು ಹೇಳಿದ್ದನ್ನು ನಮ್ಮ ಹೆಂಗಸರು ಹೆಸರಿಡದೆ ಮಾಡಿದರು. ಗಂಡ ಸತ್ತಾಗ ಅಳಲಾಗದ್ದನ್ನು, ಎಳೆಗೂಸು ಹೋದಾಗ ಹಾಡಲಾಗದ್ದನ್ನು ಊರಿನ ಹುಡುಗಿಯೊಬ್ಬಳು ಹೊಸ್ತಿಲು ದಾಟುವಾಗ ಹಾಡಿಕೊಂಡರು.

ಈ ಮಾತಿಗೆ ನಮ್ಮ ಸೀಮೆಯಲ್ಲಿ ಒಂದು ಪ್ರಸಿದ್ಧ ಐತಿಹ್ಯವೂ ಒತ್ತಾಗಿ ನಿಲ್ಲುತ್ತದೆ. ಶಿರಸಿಗೆ ಸಮೀಪದ ಸೋಂದೆಯಲ್ಲಿ ವೃಂದಾವನಸ್ಥರಾದ ವಾದಿರಾಜರು 'ಲಕ್ಷ್ಮೀಶೋಭಾನೆ'ಯ ಕರ್ತೃಗಳು. ಮದುವೆಯ ಮನೆಯಲ್ಲಿ ಮದುಮಗನೇ ಸತ್ತುಬಿದ್ದಾಗ ಅವರು ಆ ಶೋಭಾನೆಯನ್ನು ಹಾಡಿದರಂತೆ, ಮದುಮಗ ಎದ್ದು ಕುಳಿತನಂತೆ. ಹೆಣದ ಎದುರಿನಲ್ಲಿ ವಿಲಾಪಕ್ಕೆ ಬದಲು ಸೋಬಾನೆ! ಇದನ್ನು ನಂಬುವುದು ಬಿಡುವುದು ಅವರವರ ಭಕ್ತಿಗೆ ಬಿಟ್ಟದ್ದು. ಆದರೆ ಈ ಕಥೆಯನ್ನು ಹೇಳಿಕೊಂಡು ಬಂದವರ ಮನಸ್ಸು ಮಾತ್ರ ಸ್ಪಷ್ಟ. ಸಾವಿಗೆ ಉತ್ತರ ಕೊಡಬಲ್ಲ ಹಾಡು ತಮ್ಮಲ್ಲಿ ಇದ್ದರೆ ಅದು ಮದುವೆಯ ಹಾಡೊಂದೇ ಎಂದು ಅವರು ಬಗೆದಿದ್ದರು.

ಎರಡನೆಯ ಕಾಲುವೆ ಯಕ್ಷಗಾನ. ಈ ಮೂರು ತಾಲೂಕುಗಳಲ್ಲಿ ಬಯಲಾಟದ ಹುಚ್ಚು ಎಷ್ಟೋ, ಮಳೆಗಾಲದ ತಾಳಮದ್ದಲೆಯ ಹುಚ್ಚೂ ಅಷ್ಟೇ. ಹೊರಗೆ ಜಡಿಮಳೆ, ಜಗಲಿಯಲ್ಲಿ ದೀಪ, ಭಾಗವತರ ಜಾಗಟೆ, ಮದ್ದಲೆ. ಪ್ರಸಂಗ ಹರಿಶ್ಚಂದ್ರ. ಸ್ಮಶಾನದಲ್ಲಿ ಚಂದ್ರಮತಿ ಮಗನ ಹೆಣದ ಮುಂದೆ ಕುಳಿತಿದ್ದಾಳೆ. ಭಾಗವತರು ನೀಲಾಂಬರಿಯನ್ನೋ ಮುಖಾರಿಯನ್ನೋ ಎತ್ತಿಕೊಂಡು ಪದ ಹೇಳುತ್ತಾರೆ; ಅರ್ಥಧಾರಿ ಆ ಪದವನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಬಾಗಿಲ ಹಿಂದೆ ಕತ್ತಲಲ್ಲಿ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಅಭಿಮನ್ಯು ಬಿದ್ದಾಗಲೂ ಇದೇ, ಕರ್ಣ ಬಿದ್ದಾಗಲೂ ಇದೇ. ಶೋಕಕ್ಕೆ ಬೇಕಾದ ಸುತ್ತು ಇಲ್ಲಿ ಕೂಡಿಬಂತು, ಆದರೆ ಹಾಡುವವನು ಗಂಡಸು. ಆಟದಲ್ಲಿ ಹೆಣ್ಣುವೇಷ ಕಟ್ಟುತ್ತಿದ್ದವನೂ ಗಂಡಸು. ಕಿರ್ಗಿಜರಲ್ಲಿ ಹೆಂಗಸರ ಕೈಯಲ್ಲಿದ್ದ ವಿದ್ಯೆ ನಮ್ಮಲ್ಲಿ ಗಂಡಸರ ಕೈಗೆ ಬಂತು. ಚಂದ್ರಮತಿಯ ಅಳುವನ್ನು ಹೇಗೆ ಅಳಬೇಕೆಂದು ಗಂಡಸರು ವಾದಿಸಿದರು, ಕಲಿಸಿದರು, ಅದಕ್ಕೆ ಹೆಸರುವಾಸಿಯಾದರು. ನಿಜವಾಗಿ ಮಗನನ್ನು ಕಳೆದುಕೊಂಡವಳು ಬಾಗಿಲ ಹಿಂದೆ ಕುಳಿತು ಕೇಳಿದಳು.

ಮೂರನೆಯ ಕಾಲುವೆ ದೇವಿಯದು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬೆಯ ಜಾತ್ರೆಯನ್ನು ನೋಡಿದವರು ಲಕ್ಷಗಟ್ಟಲೆ. ಅದರ ಒಳಗಿನ ಕಥೆಯನ್ನು ಒಮ್ಮೆ ನೆನೆಯಬೇಕು. ಮೊದಲು ದೇವಿಗೆ ಕಲ್ಯಾಣ. ಆಮೇಲೆ ರಥವೇರಿ ಬಿಡಕಿಬಯಲಿನ ಗದ್ದುಗೆಗೆ ಬರುತ್ತಾಳೆ. ಐತಿಹ್ಯದಂತೆ ಅವಳ ಗಂಡ ಜಾತಿಯನ್ನು ಮುಚ್ಚಿಟ್ಟು ಮದುವೆಯಾದವನು. ನಿಜ ತಿಳಿದು ದೇವಿ ಮುನಿದಾಗ ಕೋಣನ ಮೈಯಲ್ಲಿ ಹೊಕ್ಕನು, ಅಲ್ಲಿಯೇ ಅವಳ ಕೈಯಿಂದ ಸತ್ತನು. ಜಾತಿಯ ಕಹಿಯೆಲ್ಲ ಈ ಕಥೆಯಲ್ಲಿದೆ. ಅದನ್ನು ಮರೆಮಾಚುವುದು ಬೇಡ. ಜಾತ್ರೆಯ ಕೊನೆಯ ದಿನ ದೇವಿ ಗದ್ದುಗೆಯಿಂದ ಇಳಿಯುತ್ತಾಳೆ, ಮಾತಂಗಿಯ ಚಪ್ಪರಕ್ಕೆ ಬೆಂಕಿಯಿಡುತ್ತಾರೆ. ಕಲ್ಯಾಣವಾದವಳು ಒಂಬತ್ತೇ ದಿನಗಳಲ್ಲಿ ವಿಧವೆಯಾಗಿ ಮರಳುತ್ತಾಳೆ. ಯುಗಾದಿಯ ದಿನ ಮರಳಿ ಪ್ರತಿಷ್ಠೆಯಾಗುವವರೆಗೆ ದೇಗುಲದಲ್ಲಿ ಅವಳ ದರ್ಶನವಿಲ್ಲ. ಮನೆಯ ವಿಧವೆಗೆ ಸಿಗದಿದ್ದ ಸಭೆ ದೇವಿಗೆ ಸಿಕ್ಕಿತು, ಅವಳ ವೈಧವ್ಯಕ್ಕೆ ಒಂದು ಕೊನೆಯೂ ಸಿಕ್ಕಿತು. ಕಿರ್ಗಿಜ್ ವಿಧವೆಯ ಒಂದು ವರ್ಷದಂತೆ ಮಾರಿಕಾಂಬೆಗೂ ಯುಗಾದಿಯೆಂಬ ಗಡುವಿದೆ. ಮನೆಯ ಅಜ್ಜಿಗೆ ಮಾತ್ರ ಯುಗಾದಿಯಿರಲಿಲ್ಲ.

ಆಚಾರ ಬದಲಾಗುವುದಿಲ್ಲವೆನ್ನುವವರು ಇದೇ ಜಾತ್ರೆಯನ್ನು ನೋಡಬೇಕು. ಹಿಂದೆ ನಡೆಯುತ್ತಿದ್ದ ಕೋಣನ ಬಲಿ ೧೯೩೦ರ ದಶಕದಲ್ಲಿ, ಗಾಂಧೀಜಿಯವರ ಪ್ರಭಾವದ ದಿನಗಳಲ್ಲಿ, ಊರಿನವರದೇ ಪ್ರಯತ್ನದಿಂದ ನಿಂತಿತು. ದೇವಿಯ ಮಹಿಮೆಗೆ ಅದರಿಂದ ಕುಂದೇನೂ ಬರಲಿಲ್ಲ.

ಅದೇ ದಶಕದ ಇನ್ನೊಂದು ನೆನಪು ಸಿದ್ದಾಪುರ ತಾಲೂಕಿನದು. ಕರನಿರಾಕರಣೆಯ ಚಳವಳಿಯಲ್ಲಿ ಅಂಕೋಲೆ ಸಿದ್ದಾಪುರಗಳ ರೈತರು ಕಂದಾಯ ಕೊಡಲಿಲ್ಲ. ಸರಕಾರ ಜಮೀನು ಮುಟ್ಟುಗೋಲು ಹಾಕಿ ಹರಾಜು ಮಾಡಿತು. ಆಗ ಮನೆಯ ಹೊಸ್ತಿಲು ದಾಟಿ ಗೊತ್ತಿಲ್ಲದ ಹೆಂಗಸರು, ಅವರಲ್ಲಿ ವಿಧವೆಯರೂ ಇದ್ದರು, ಹರಾಜಿನಲ್ಲಿ ಭೂಮಿ ಕೊಂಡವರ ಮನೆಯೆದುರು ಉಪವಾಸ ಕುಳಿತರು. ಚಳವಳಿಯಲ್ಲಿ ಸೆರೆಮನೆ, ಹಸಿವು, ಕಾಯಿಲೆಗಳಿಗೆ ತುತ್ತಾದವರುಂಟು. ಅಂಥ ಹೆಂಗಸರ ನೆನಪಿಗೆ ಮಾವಿನಗುಂಡಿಯಲ್ಲಿ ಒಂದು ಮಹಾಸತಿಯ ಕಲ್ಲು ನಿಂತಿದೆ. ಬೆಳತೂರಿನ ದೇಕಬ್ಬೆ ಗಂಡನ ಚಿತೆಗೆ ಬಿದ್ದು ಕಲ್ಲಾದಳು. ಇವರು ಊರಿನ ಮಣ್ಣಿಗಾಗಿ ನವೆದು ಕಲ್ಲಾದರು. ಅದೇ ಹಳೆಯ ಮಾಸ್ತಿಗಲ್ಲಿನ ರೂಪಕ್ಕೆ ಎಂಥ ಹೊಸ ಅರ್ಥ! ಮುಂದೆ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ ಜಮೀನುಗಳು ಮರಳಿದವು. ಕಿರ್ಗಿಜರು ೧೯೧೬ರಲ್ಲಿ ಝಾರನ ಸೇನೆಗೆ ಹೆದರಿ ಹಿಮದ ಕಣಿವೆಗಳನ್ನು ದಾಟಿ ಚೀನಾದ ಕಡೆಗೆ ಓಡಿದರು. ದಾರಿಯಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ಆ 'ಊರ್ಕುನ್' ಅವರ ಹಾಡುಗಳಲ್ಲಿ ಇಂದಿಗೂ ಅಳುತ್ತಿದೆ. ನಮ್ಮ ಸೀಮೆ ತನ್ನ ಸಂಕಟಕ್ಕೆ ಕಲ್ಲು ನಿಲ್ಲಿಸಿತು. ಕಲ್ಲು ದೀರ್ಘಕಾಲ ಬಾಳುತ್ತದೆ, ನಿಜ. ಆದರೆ ಹತ್ತಿರ ಹೋಗಿ ಓದಿದವರಿಗೆ ಮಾತ್ರ ಅದು ಮಾತಾಡುತ್ತದೆ. ಹಾಡಾದರೋ ಇದ್ದಲ್ಲಿಗೇ ಬರುತ್ತದೆ.

ಈಗ ಆ ಕಾಲ ಹೋಯಿತು. ವಿಧವೆಯ ತಲೆ ಬೋಳಿಸುವ ಕ್ರೌರ್ಯ ನಿಂತಿದೆ. ಗಂಡನಿಲ್ಲದ ತಾಯಿಯೇ ಮಗಳ ಮದುವೆಯಲ್ಲಿ ಮುಂದೆ ನಿಂತು ಓಡಾಡುವ ಮನೆಗಳೂ ಉಂಟು. ಸಂತೋಷದ ಸಂಗತಿ. ಆದರೆ ಬಾಯಿ ಬಿಡುವ ಸ್ವಾತಂತ್ರ್ಯ ಬರುವ ಹೊತ್ತಿಗೆ ಹಾಡೇ ಕೈಬಿಡುತ್ತಿದೆ. ಮದುವೆಗಳು ಕಲ್ಯಾಣಮಂಟಪಕ್ಕೆ ಹೋದವು. ಒಪ್ಪಿಸಿಕೊಡುವ ಹೊತ್ತಿನಲ್ಲಿ ಧ್ವನಿವರ್ಧಕದ ಗೀತೆ ಮೊಳಗುತ್ತದೆ. ಹಳೆಯ ಹಾಡು ಬಲ್ಲವರು ಊರಿಗೊಬ್ಬರು ಇಬ್ಬರು. ಘಟ್ಟದ ಕೆಳಗೆ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಹಾಡಿನ ಭಂಡಾರವೆನಿಸಿ ೨೦೧೭ರಲ್ಲಿ ಪದ್ಮಶ್ರೀ ಪಡೆದವರು; ೨೦೨೫ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹಾಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಬಳಿ ಕುಳಿತು ಕೇಳಿ ಬರೆದುಕೊಂಡದ್ದರಿಂದ 'ಗರತಿಯ ಹಾಡು' ೧೯೩೧ರಲ್ಲಿ ಪುಸ್ತಕವಾಗಿ ನಮಗೆ ಉಳಿಯಿತು. ಉತ್ತರ ಕನ್ನಡದ ಹಾಡುಗಳನ್ನು ಎಲ್. ಆರ್. ಹೆಗಡೆ, ಎನ್. ಆರ್. ನಾಯಕ ಮುಂತಾದವರು ಶ್ರಮಪಟ್ಟು ಸಂಗ್ರಹಿಸಿದ್ದಾರೆ. ಆ ಕೆಲಸ ಮುಗಿದಿಲ್ಲ. ಹೆಣ್ಣೊಪ್ಪಿಸುವ ಹಾಡನ್ನು ಮದುವೆಯ ಹಾಡಿನ ಕಟ್ಟಿಗೆ ಸೇರಿಸಿ ಮುಚ್ಚಿಬಿಡುವುದಕ್ಕೆ ಬದಲು, ಹಾಡುವ ಹಿರಿಯಳನ್ನು ಒಂದು ಮಾತು ಕೇಳಬೇಕು: ಅಮ್ಮಾ, ಇದನ್ನು ಹಾಡುವಾಗ ನಿಮಗೆ ಯಾರ ನೆನಪಾಗುತ್ತದೆ?

ಉತ್ತರವಾಗಿ ಅವಳು ಹೇಳುವ ಹೆಸರು ಮದುಮಗಳದ್ದೇ ಆಗಿರಬೇಕಿಲ್ಲ. ಆ ಹೆಸರನ್ನೂ ಹಾಡಿನ ಬದಿಯಲ್ಲಿ ಬರೆದುಕೊಂಡರೆ ಈ ಸೀಮೆಯ ಶೋಕಗೀತೆಗಳ ಮೊದಲ ಸಂಪುಟ ಅಲ್ಲಿಂದ ಆರಂಭವಾಗುತ್ತದೆ.